ಮನೆಯ ತಳದ ಗಾಳಿ: ರೇಡಾನ್ ಅನಿಲದ ಚರಿತ್ರೆಯೂ ಊರಾಡಳಿತದ ಹೊಣೆಯೂ

ನಮ್ಮ ಸೀಮೆಯ ಹಿರಿಯರಿಗೆ ಹಗೇವು ಎಂದರೇನೆಂದು ವಿವರಿಸಬೇಕಾದುದಿಲ್ಲ. ಇಂದಿನ ವಿದ್ಯಾರ್ಥಿಗಳಿಗಾದರೋ ವಿವರಿಸಲೇಬೇಕು. ಜೋಳವನ್ನು ವರ್ಷಗಟ್ಟಲೆ ಕಾಪಿಡುವುದಕ್ಕಾಗಿ ಅಂಗಳದಲ್ಲಿಯೋ ಪಡಸಾಲೆಯ ಕೆಳಗೋ ತೋಡುತ್ತಿದ್ದ ಆಳವಾದ ನೆಲಗುಣಿಯೇ ಹಗೇವು. ಅದರ ಬಾಯಿ ಕಿರಿದು, ಒಡಲು ದೊಡ್ಡದು. ಜೋಳ ತುಂಬಿ, ಮೇಲೆ ಹುಲ್ಲು ಹಾಸಿ, ಚಪ್ಪಡಿ ಮುಚ್ಚಿ ಮಣ್ಣೆಳೆದು ಬಿಡುತ್ತಿದ್ದರು. ನಾನು ಎಂಟು ಹತ್ತು ವರ್ಷದವನಾಗಿದ್ದಾಗ ನಮ್ಮ ಅಜ್ಜನ ಮನೆಯಲ್ಲಿ ಹಗೇವು ತೆಗೆಯುವುದನ್ನು ಕಂಡಿದ್ದೇನೆ. ಚಪ್ಪಡಿ ಸರಿಸಿದ ಕೂಡಲೆ ಯಾರೂ ಒಳಗಿಳಿಯುತ್ತಿರಲಿಲ್ಲ. ಅಜ್ಜ ಒಂದು ಕಂದೀಲನ್ನು ಹಗ್ಗಕ್ಕೆ ಕಟ್ಟಿ ಮೆಲ್ಲನೆ ಇಳಿಬಿಡುತ್ತಿದ್ದರು. ದೀಪ ಆರಿದರೆ ಅದನ್ನು ಮೇಲಕ್ಕೆಳೆದು, “ಇನ್ನಾ ಒಳಗಿನ ಉಸುರು ಹೊರಗ ಬಂದಿಲ್ಲೋ ತಮ್ಮಾ, ದೂರ ನಿಲ್ಲು” ಎನ್ನುತ್ತಿದ್ದರು. ಮರುದಿನ ಮತ್ತೆ ಪರೀಕ್ಷೆ. ದೀಪ ಉರಿದರೆ ಮಾತ್ರ ಆಳು ಇಳಿಯುವುದು.

ಅಲ್ಲಿ ದೀಪವನ್ನು ಆರಿಸುತ್ತಿದ್ದುದು ಇಂಗಾಲಾಮ್ಲ ಅನಿಲ. ಕಾಳು ಉಸಿರಾಡಿ ಹೊರಬಿಟ್ಟದ್ದು ಗುಣಿಯಲ್ಲಿ ತುಂಬಿಕೊಂಡಿರುತ್ತಿತ್ತು. ಪ್ರಸ್ತುತ ಲೇಖನದ ವಿಷಯವಾದ ರೇಡಾನ್ ಅನಿಲವು ಹಾಗೆ ದೀಪವನ್ನು ಆರಿಸುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಉಸಿರು ಕಟ್ಟುವುದೂ ಇಲ್ಲ. ಅದು ಒಂದು ದಿನದಲ್ಲಿ ಯಾರನ್ನೂ ಕೊಲ್ಲದೆ, ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಕೆಲವರ ಶ್ವಾಸಕೋಶದಲ್ಲಿ ಅರ್ಬುದವಾಗಿ ಕಾಣಿಸಿಕೊಳ್ಳುತ್ತದೆ. ನೆಲದೊಳಗಿನ ಕಾಣದ ಗಾಳಿಗೆ ಹೆದರಿ ಪರೀಕ್ಷೆಮಾಡಿ ಇಳಿಯುವ ವಿವೇಕ ನಮ್ಮವರಿಗೆ ಹೊಸದಲ್ಲವೆಂಬುದನ್ನು ತೋರಿಸಲಿಕ್ಕಾಗಿ ಹಗೇವಿನ ಮಾತನ್ನು ಮೊದಲು ತಂದೆ. ಈ ಹೊಸ ಗಾಳಿಗೆ ಕಂದೀಲು ಯಾವುದು, ಅದನ್ನು ಇಳಿಬಿಡಬೇಕಾದವರು ಯಾರು ಎಂಬುದೇ ಇಲ್ಲಿಯ ವಿಚಾರ.

ಮೊದಲು ಅದರ ಹುಟ್ಟನ್ನು ಸಂಕ್ಷೇಪವಾಗಿ ಹೇಳುವೆನು. ಭೂಮಿಯ ಎಲ್ಲ ಕಲ್ಲುಮಣ್ಣುಗಳಲ್ಲಿಯೂ ಲವಲೇಶ ಯುರೇನಿಯಂ ಇರುತ್ತದೆ. ಕಣಶಿಲೆಯಲ್ಲಿ, ಅಂದರೆ ಗ್ರಾನೈಟಿನಲ್ಲಿ, ಹತ್ತು ಲಕ್ಷ ಪಾಲಿಗೆ ಮೂರು ನಾಲ್ಕು ಪಾಲಿನಷ್ಟು. ಅದು ಯುಗಯುಗಗಳಲ್ಲಿ ಕ್ಷಯಿಸುತ್ತ ರೇಡಿಯಂ ಆಗುತ್ತದೆ. ರೇಡಿಯಮ್ಮಿನ ಅರ್ಧಾಯುಷ್ಯ ೧೬೦೦ ವರ್ಷ. ರೇಡಿಯಂ ಕ್ಷಯಿಸಿದಾಗ ಹುಟ್ಟುವುದು ರೇಡಾನ್. ಅದರ ಅರ್ಧಾಯುಷ್ಯ ೩.೮ ದಿನ ಮಾತ್ರ. ಈ ವಂಶಾವಳಿಯಲ್ಲಿ ಹಿಂದಿನವರೂ ಮುಂದಿನವರೂ ಘನವಸ್ತುಗಳು, ನಡುವಿನ ರೇಡಾನ್ ಒಂದೇ ಅನಿಲ. ಆದುದರಿಂದ ಕಲ್ಲಿನಲ್ಲಿ ಹುಟ್ಟಿದುದು ಕಲ್ಲಿನಲ್ಲಿಯೇ ಉಳಿಯದೆ, ಬಿರುಕುಗಳಲ್ಲಿ ನುಸುಳಿ ಮೇಲೇರಿ ಬರುತ್ತದೆ. ಬಯಲಿಗೆ ಬಂದದ್ದು ಗಾಳಿಯಲ್ಲಿ ಚದುರಿಹೋಗುತ್ತದೆ. ಮನೆಯ ಕೆಳಗೆ ಬಂದದ್ದು ಮನೆಯೊಳಕ್ಕೆ ಹೊಗುತ್ತದೆ. ಅಲ್ಲಿ ಅದು ಕ್ಷಯಿಸಿದಾಗ ಹುಟ್ಟುವ ಪೊಲೋನಿಯಂ ಮೊದಲಾದ ಸಂತತಿ ಧೂಳಿನ ಕಣಗಳಿಗೆ ಅಂಟಿ ಉಸಿರಿನೊಂದಿಗೆ ಎದೆಗೂಡನ್ನು ಸೇರುತ್ತದೆ. ಅವು ಸೂಸುವ ಆಲ್ಫಾ ಕಣವನ್ನು ಒಂದು ಹಾಳೆ ಕಾಗದ ತಡೆಯಬಲ್ಲದು. ಆದರೆ ಶ್ವಾಸನಾಳದ ಒಳಮೈಯಲ್ಲಿ ಕಾಗದದ ಮರೆಯೆಲ್ಲಿಂದ ಬರಬೇಕು?

ವಿಜ್ಞಾನದ ಉಪಾಧ್ಯಾಯರು ತರಗತಿಯಲ್ಲಿ ತಿದ್ದಬಹುದಾದ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ರೇಡಾನ್ ಗಾಳಿಗಿಂತ ಏಳೆಂಟು ಪಟ್ಟು ಭಾರವಾದುದರಿಂದ ಕೆಳಮನೆಯಲ್ಲಿ ನಿಂತಿರುತ್ತದೆ ಎಂದು ಹಲವರು ಬರೆಯುತ್ತಾರೆ. ಅಷ್ಟು ವಿರಳವಾದ ಅನಿಲಕ್ಕೆ ತೂಕದ ಪ್ರಭಾವ ಲೆಕ್ಕಕ್ಕಿಲ್ಲ. ಅದು ಕೋಣೆಯ ಗಾಳಿಯೊಡನೆ ಬೆರೆತೇ ಇರುತ್ತದೆ. ನೆಲಮಟ್ಟದ ಕೋಣೆಗಳಲ್ಲಿ ಹೆಚ್ಚು ಕಾಣುವುದು ಅವು ಮಣ್ಣಿಗೆ ಸಮೀಪವಾದುದರಿಂದ. ಇನ್ನೊಂದು ಕಾರಣವೂ ಉಂಟು. ಮನೆಯೊಳಗೆ ಬೆಚ್ಚಗಾದ ಗಾಳಿ ಮೇಲೇರಿ ಹೋಗುವಾಗ ಕೆಳಗಿನ ಮಣ್ಣಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬಾಯಿಂದ ಹೀರಿದರೆ ಮಜ್ಜಿಗೆ ನಳಿಗೆಯಲ್ಲಿ ಏರುವುದಿಲ್ಲವೆ, ಹಾಗೆ ಮನೆ ತನ್ನ ತಳವನ್ನು ತಾನೇ ಹೀರುತ್ತಿರುತ್ತದೆ.

ಈ ಕೇಡನ್ನು ಮನುಷ್ಯನು ಮೊದಲು ಕಂಡದ್ದು ಮನೆಯಲ್ಲಲ್ಲ, ಗಣಿಯಲ್ಲಿ. ಬೊಹೀಮಿಯದ ಯೋಆಕಿಮ್‌ಸ್ಟಾಲ್ ಎಂಬ ಬೆಳ್ಳಿಗಣಿಯ ಊರಿನಲ್ಲಿ ವೈದ್ಯನಾಗಿದ್ದ ಅಗ್ರಿಕೊಲನು ಗಣಿವಿದ್ಯೆಯನ್ನು ಕುರಿತು ಬರೆದ ಹೆಬ್ಬೊತ್ತಗೆ ೧೫೫೬ರಲ್ಲಿ ಪ್ರಕಟವಾಯಿತು. ಕಾರ್ಪೇಥಿಯನ್ ಬೆಟ್ಟಗಳ ಗಣಿಯೂರುಗಳಲ್ಲಿ ಒಬ್ಬರಾದ ಮೇಲೊಬ್ಬರಂತೆ ಏಳು ಗಂಡಂದಿರನ್ನು ಕಳೆದುಕೊಂಡ ಹೆಂಗಸರಿದ್ದರೆಂದು ಅವನು ಅದರಲ್ಲಿ ದಾಖಲೆ ಮಾಡಿದ್ದಾನೆ. ನಾನು ಚರಿತ್ರೆಯ ಪಾಠದಲ್ಲಿ ಯುದ್ಧಗಳ ಸಾವುನೋವುಗಳನ್ನು ಎಷ್ಟೋ ಸಲ ಹೇಳಿದ್ದೇನೆ. ಈ ಒಂದು ವಿವರದಷ್ಟು ಮನಸ್ಸಿಗೆ ನಾಟಿದವು ಕಡಮೆ. ಆ ರೋಗಕ್ಕೆ ಅವರು ‘ಬೆಟ್ಟದ ಬೇನೆ’ ಎಂದರು. ಕೆಲವರು ಕುಬ್ಜ ಭೂತಗಳ ಕಾಟವೆಂದರು. ೧೮೭೯ರಲ್ಲಿ ಜರ್ಮನಿಯ ಶ್ನೀಬರ್ಗ್ ಗಣಿಗಾರರ ಶವಗಳನ್ನು ಪರೀಕ್ಷಿಸಿದ ಹಾರ್ಟಿಂಗ್ ಮತ್ತು ಹೆಸ್ಸೆ ಎಂಬ ವೈದ್ಯರು ಅದು ಶ್ವಾಸಕೋಶದ ದುರ್ಮಾಂಸದ ಬೆಳವಣಿಗೆಯೆಂದು ತೋರಿಸಿಕೊಟ್ಟರು. ಕಾರಣ ಮಾತ್ರ ತಿಳಿಯಲಿಲ್ಲ.

ಕಾರಣವು ಅದೇ ಯೋಆಕಿಮ್‌ಸ್ಟಾಲಿನ ಕಲ್ಲಿನಲ್ಲಿಯೇ ಅಡಗಿತ್ತು. ಅಲ್ಲಿಂದ ತರಿಸಿದ ಅದಿರಿನಿಂದ ಕ್ಯೂರಿ ದಂಪತಿಗಳು ೧೮೯೮ರಲ್ಲಿ ರೇಡಿಯಮ್ಮನ್ನು ಕಂಡುಹಿಡಿದರು. ೧೮೯೯ರಲ್ಲಿ ರುದರ್‌ಫರ್ಡ್ ಮತ್ತು ಓವೆನ್ಸ್ ಥೋರಿಯಮ್ಮಿನಿಂದಲೂ, ೧೯೦೦ರಲ್ಲಿ ಹಾಲೆ ನಗರದ ಡಾರ್ನ್ ರೇಡಿಯಮ್ಮಿನಿಂದಲೂ ಒಂದು ಅನಿಲ ಹೊರಬರುವುದನ್ನು ಕಂಡರು. ೧೯೦೧ರಲ್ಲಿ ಎಲ್ಸ್ಟರ್ ಮತ್ತು ಗೈಟೆಲ್ ಎಂಬಿಬ್ಬರು ಪ್ರೌಢಶಾಲೆಯ ಅಧ್ಯಾಪಕರು (ನಮ್ಮ ವರ್ಗದವರೆಂದು ಇಲ್ಲಿ ಹೆಮ್ಮೆಯಿಂದ ಹೇಳಬಹುದು) ಗುಹೆ, ನೆಲಮಾಳಿಗೆಗಳ ಗಾಳಿಯಲ್ಲಿ ಅದರ ಗುರುತು ಹಿಡಿದರು. ಇಷ್ಟಾದ ಮೇಲೆ ಜನ ಎಚ್ಚರಗೊಳ್ಳಬೇಕಾಗಿತ್ತು. ಆದುದು ಬೇರೆ. ಯೂರೋಪು ಅಮೆರಿಕಗಳಲ್ಲಿ ರೇಡಿಯಂ ಬೆರೆಸಿದ ನೀರನ್ನು ಸರ್ವರೋಗಕ್ಕೂ ಮದ್ದೆಂದು ಸೀಸೆಗಳಲ್ಲಿ ಮಾರಿದರು. ಕುಡಿದು ಕುಡಿದು ದವಡೆ ಕೊಳೆತು ಒಬ್ಬ ಸಿರಿವಂತನು ೧೯೩೨ರಲ್ಲಿ ಸತ್ತ ಮೇಲೆಯೇ ಆ ಮರುಳು ಇಳಿಯಿತು.

ಎರಡನೆಯ ಮಹಾಯುದ್ಧದ ತರುವಾಯ ಯುರೇನಿಯಮ್ಮಿನ ಬೇಡಿಕೆ ಹೆಚ್ಚಿ, ಅಮೆರಿಕದ ಕೊಲರಾಡೋ ಪೀಠಭೂಮಿಯ ಗಣಿಗಳಲ್ಲಿ ನವಾಹೋ ಮೂಲನಿವಾಸಿಗಳೂ ಇತರರೂ ಗಾಳಿಯಾಡದ ಸುರಂಗಗಳಲ್ಲಿ ದುಡಿದರು. ಅಲ್ಲಿಯ ಸಾರ್ವಜನಿಕ ಆರೋಗ್ಯ ಇಲಾಖೆ ೧೯೫೦ರಲ್ಲಿಯೇ ಅಧ್ಯಯನ ಪ್ರಾರಂಭಿಸಿದರೂ ಗಣಿಯ ಗಾಳಿಗೆ ರಾಷ್ಟ್ರೀಯ ಮಿತಿ ಜಾರಿಗೆ ಬರಲು ೧೯೭೧ ಆಗಬೇಕಾಯಿತು. ಪರಿಹಾರದ ಕಾಯಿದೆ ಬಂದದ್ದು ೧೯೯೦ರಲ್ಲಿ. ಗಣಿಗೆ ಒಡೆಯನೊಬ್ಬನಿರುತ್ತಾನೆ, ಹೊಣೆಯನ್ನು ಅವನ ತಲೆಗೆ ಕಟ್ಟಬಹುದು. ಹಾಗಿದ್ದೂ ಇಷ್ಟು ತಡ. ಮನೆಯ ವಿಷಯದಲ್ಲಿ ಹೊಣೆ ಯಾರದು?

ಇಲ್ಲಿ ೧೯೫೬ನೆಯ ಇಸವಿಯನ್ನು ನೆನೆಯಬೇಕು. ಆ ವರ್ಷ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಗುಲ್ಬರ್ಗಾ ಜಿಲ್ಲೆಯಿಂದ ಕೊಡಂಗಲ್, ತಾಂಡೂರು ತಾಲೂಕುಗಳೂ, ಬೀದರ ಜಿಲ್ಲೆಯಿಂದ ನಾರಾಯಣಖೇಡ ತಾಲೂಕು ಮತ್ತು ಜಹೀರಾಬಾದಿನ ಬಹುಭಾಗವೂ ಆಂಧ್ರಪ್ರದೇಶಕ್ಕೆ ಸೇರಿ ನಾವು ಗಡಿನಾಡಿನವರಾದೆವು. ಅದೇ ವರ್ಷ ದೂರದ ಸ್ವೀಡನ್ನಿನಲ್ಲಿ ಹುಲ್ಟ್‌ಕ್ವಿಸ್ಟ್ ಎಂಬ ಸಂಶೋಧಕನು ಜನವಸತಿಯ ಮನೆಗಳೊಳಗಿನ ವಿಕಿರಣವನ್ನು ಅಳೆದ ವರದಿಯನ್ನು ಪ್ರಕಟಿಸಿದನು. ಆ ದೇಶದಲ್ಲಿ ೧೯೨೯ರಿಂದ ಒಂದು ಬಗೆಯ ಹಗುರವಾದ ನೀಲಿ ಕಾಂಕ್ರೀಟನ್ನು ಪಟಿಕದ ಅಂಶವುಳ್ಳ ಪದರಶಿಲೆಯಿಂದ ತಯಾರಿಸುತ್ತಿದ್ದರು. ಆ ಶಿಲೆಯಲ್ಲಿ ಯುರೇನಿಯಂ ಹೆಚ್ಚು. ಆ ಗೋಡೆಗಳ ಮನೆಗಳಲ್ಲಿ ರೇಡಾನ್ ಹೆಚ್ಚಾಗಿರುವುದನ್ನು ಅವನು ತೋರಿಸಿದನು. ಆದರೆ ಸರ್ಕಾರ ಇಪ್ಪತ್ತು ವರ್ಷಗಳ ಕಾಲ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ೧೯೭೩ರಲ್ಲಿ ಎಣ್ಣೆಯ ಬೆಲೆಯೇರಿದಾಗ ಜನರು ಶಾಖವನ್ನುಳಿಸಲು ಕಿಟಕಿ ಬಾಗಿಲುಗಳ ಸಂದುಗಳನ್ನೆಲ್ಲ ಮುಚ್ಚಿದರು. ಒಳಗಿನ ರೇಡಾನ್ ಇನ್ನಷ್ಟು ಏರಿತು. ೧೯೭೫ರಲ್ಲಿ ಆ ಕಾಂಕ್ರೀಟಿನ ತಯಾರಿಕೆ ನಿಂತಿತು. ಅಷ್ಟರಲ್ಲಿ ಸುಮಾರು ೩ ಲಕ್ಷ ವಾಸದ ಮನೆಗಳಲ್ಲಿ ಅದು ಸೇರಿಹೋಗಿತ್ತು. ೧೯೭೯ರಲ್ಲಿ ರೇಡಾನ್ ಆಯೋಗವನ್ನು ನೇಮಿಸಿದರು. ಮುಂದೆ ಮನೆಗಳಿಗೆ ಮಿತಿಗಳನ್ನು ಗೊತ್ತುಮಾಡಿ, ಅಪಾಯದ ಮನೆಗಳನ್ನು ಹುಡುಕುವ, ಒಡೆಯರಿಗೆ ತಿಳಿಸುವ, ಹೊಸ ಕಟ್ಟಡಕ್ಕೆ ಅನುಮತಿ ಕೊಡುವಾಗ ನೆಲದ ಗುಣವನ್ನು ವಿಚಾರಿಸುವ ಕೆಲಸವನ್ನು ಪುರಸಭೆಗಳ ಆರೋಗ್ಯ ಮಂಡಲಿಗಳಿಗೆ ಒಪ್ಪಿಸಿದರು. ದುರಸ್ತಿಗೆ ಸರ್ಕಾರದ ಸಹಾಯಧನವೂ ದೊರೆಯಿತು. ಊರಾಡಳಿತವು ಮನೆಯೊಳಗಿನ ಈ ಗಾಳಿಗೆ ಬಾಧ್ಯಸ್ಥನಾದ ಚರಿತ್ರೆ ಹೀಗೆ ಮೊದಲಾಯಿತು ಎನ್ನಬಹುದು.

ಶಾಲೆಗಳ ಕತೆ ಇನ್ನೂ ಕಳವಳಕಾರಿಯಾದುದು. ಕೊಲರಾಡೋದ ಗ್ರ್ಯಾಂಡ್ ಜಂಕ್ಷನ್ ಪಟ್ಟಣದಲ್ಲಿ ಯುರೇನಿಯಂ ಕಾರಖಾನೆಯಲ್ಲಿ ಉಳಿದ ಪುಡಿಮರಳನ್ನು ಬೇಕಾದವರು ಪುಕ್ಕಟೆಯಾಗಿ ಒಯ್ಯುತ್ತಿದ್ದರು. ೧೯೫೦ ಮತ್ತು ೬೦ರ ದಶಕಗಳಲ್ಲಿ ಸಾವಿರಾರು ಕಟ್ಟಡಗಳ ತಳಕ್ಕೆ, ಶಾಲೆಗಳ ತಳಕ್ಕೂ ಅದನ್ನು ತುಂಬಿದರು. ಯಾರ ಮನಸ್ಸಿನಲ್ಲಿಯೂ ಕೇಡಿರಲಿಲ್ಲ. ಒಳ್ಳೆಯ ಮರಳು ಸುಮ್ಮನೆ ಸಿಕ್ಕಿತೆಂದು ಸಂತೋಷ. ೧೯೭೨ರಲ್ಲಿ ಅಮೆರಿಕದ ಸಂಸತ್ತು ವಿಶೇಷ ಕಾಯಿದೆ ಮಾಡಿ ಅದನ್ನು ಅಗೆದು ತೆಗೆಸಬೇಕಾಯಿತು. ಕೆನಡಾದ ಪೋರ್ಟ್ ಹೋಪ್ ಪಟ್ಟಣದಲ್ಲಿ ೧೯೭೫ರಲ್ಲಿ ಇದೇ ಕಾರಣಕ್ಕಾಗಿ ಒಂದು ಶಾಲೆಯಿಂದ ಮಕ್ಕಳನ್ನು ಹೊರಡಿಸಿದರು. ಇವು ಮನುಷ್ಯನು ತಂದು ಹಾಕಿದ ಕೇಡುಗಳು. ಆದರೆ ೧೯೮೪ರ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯದ ಒಬ್ಬ ಇಂಜಿನಿಯರು ಅಣುವಿದ್ಯುತ್ ಸ್ಥಾವರಕ್ಕೆ ಕೆಲಸಕ್ಕೆ ಹೋದಾಗ ಒಂದು ಸೋಜಿಗ ನಡೆಯಿತು. ವಿಕಿರಣದ ಎಚ್ಚರಿಕೆಯ ಗಂಟೆ ಸ್ಥಾವರದಿಂದ ಹೊರಬರುವಾಗಲ್ಲದೆ ಒಳಹೋಗುವಾಗಲೇ ಬಾರಿಸಿತು! ಸ್ಥಾವರದಲ್ಲಿ ಇನ್ನೂ ವಿದ್ಯುತ್ತಿನ ಉತ್ಪಾದನೆಯೇ ಆರಂಭವಾಗಿರಲಿಲ್ಲ. ವಿಚಾರಿಸಲಾಗಿ ಅವನ ಮನೆಯ ಗಾಳಿಯಲ್ಲಿ ಘನಮೀಟರಿಗೆ ಸುಮಾರು ೧ ಲಕ್ಷ ಬೆಕರೆಲ್ ರೇಡಾನ್ ಇದ್ದುದು ತಿಳಿದುಬಂದಿತು. ಯಾರೂ ತಂದು ಹಾಕಿದುದಲ್ಲ; ಮನೆಯ ಕೆಳಗಿನ ಬಂಡೆಯೇ ಕೊಟ್ಟದ್ದು. ಮನೆಯನ್ನು ದುರಸ್ತಿ ಮಾಡಿದ ಮೇಲೆ ಆ ಕುಟುಂಬ ಅಲ್ಲಿಗೇ ಹಿಂದಿರುಗಿತು ಎಂಬುದನ್ನೂ ಹೇಳತಕ್ಕದ್ದು, ಏಕೆಂದರೆ ಇದು ತಿದ್ದಲಾರದ ದೋಷವಲ್ಲ.

ಬೆಕರೆಲ್ ಎಂಬುದು ಒಂದು ಕ್ಷಣಕ್ಕೆ ಒಂದು ಪರಮಾಣು ಕ್ಷಯಿಸುವ ಅಳತೆ. ಜಗತ್ತಿನ ಮನೆಗಳ ಸರಾಸರಿ ಘನಮೀಟರಿಗೆ ೪೦ ಬೆಕರೆಲ್ಲಿನ ಆಸುಪಾಸು. ಬಯಲಿನಲ್ಲಿ ಸುಮಾರು ೧೦. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಮಂಡಲಿಯು ೧೯೮೮ರಲ್ಲಿ ರೇಡಾನನ್ನು ಮನುಷ್ಯರಲ್ಲಿ ಅರ್ಬುದವನ್ನುಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ಯೂರೋಪಿನ ೯ ದೇಶಗಳ ೧೩ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೦೫ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ದೀರ್ಘಕಾಲದ ಸರಾಸರಿಯಲ್ಲಿ ೧೦೦ ಬೆಕರೆಲ್ ಹೆಚ್ಚಾದಂತೆಲ್ಲ ಶ್ವಾಸಕೋಶದ ಅರ್ಬುದದ ಸಂಭವ ನೂರಕ್ಕೆ ೧೬ರಷ್ಟು ಏರುತ್ತದೆ. ಬೀಡಿ ಸಿಗರೇಟು ಸೇದದವರಲ್ಲಿ ಮೂಲ ಸಂಭವವೇ ಸಣ್ಣದು, ಆದುದರಿಂದ ಏರಿಕೆಯೂ ಸಣ್ಣದು. ಸೇದುವವರಲ್ಲಿ ಮೂಲವೇ ಸುಮಾರು ೨೫ ಪಟ್ಟು, ಆದುದರಿಂದ ಏರಿಕೆಯೂ ಹಾಗೆಯೇ. ೨೦೦೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ೧೦೦ ಬೆಕರೆಲ್ಲನ್ನು ಮಾರ್ಗದರ್ಶಕ ಮಿತಿಯಾಗಿಯೂ, ಅದು ಸಾಧ್ಯವಾಗದ ದೇಶಗಳಲ್ಲಿ ೩೦೦ನ್ನು ಮೀರದಂತೆಯೂ ಸೂಚಿಸಿತು.

ಇನ್ನು ನಮ್ಮ ನೆಲದ ಮಾತು. ಬಶೀರಾಬಾದ್, ನವಂದಗಿ, ತಾಂಡೂರು, ಗಡಿಯಾಚೆಯ ಸೇಡಂ, ಚಿತ್ತಾಪುರ, ಶಹಾಬಾದ್, ಇವೆಲ್ಲ ಒಂದೇ ಕಲ್ಲಿನ ಹಾಸಿನ ಮೇಲೆ ಕುಳಿತಿವೆ. ಭೂವಿಜ್ಞಾನಿಗಳು ಅದಕ್ಕೆ ಭೀಮಾ ಶ್ರೇಣಿ ಎನ್ನುತ್ತಾರೆ. ರಾಬರ್ಟ್ ಬ್ರೂಸ್ ಫೂಟ್ ಮೊದಲಾದವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅದನ್ನು ಪರಿಶೀಲಿಸಿದ್ದರು. ಪುರಾತನ ಸಮುದ್ರದ ತಳದಲ್ಲಿ ಪದರ ಪದರವಾಗಿ ಶೇಖರವಾದ ಸುಣ್ಣಶಿಲೆಯಿದು. ೧೮೭೪ರಲ್ಲಿ ನಿಜಾಮರ ರೈಲುದಾರಿ ವಾಡಿಯಿಂದ ಈ ಮಾರ್ಗವಾಗಿ ಸಿಕಂದರಾಬಾದಿಗೆ ಹೋದ ಮೇಲೆ ಈ ಕಲ್ಲು ದೂರದೂರಕ್ಕೆ ಹೊರಟಿತು. ನಾವು ಪರಸಿ ಎನ್ನುತ್ತೇವೆ, ತೆಲುಗಿನ ನೆರೆಯವರು ನಾಪರಾಯಿ ಎನ್ನುತ್ತಾರೆ, ಕಲ್ಲು ಒಂದೇ. ರಾಜ್ಯದ ಗಡಿಯನ್ನು ಮೇಲೆ ಎಳೆದರಲ್ಲದೆ ಕೆಳಗಿನ ಪದರಗಳಿಗೆ ಅದರ ಸುದ್ದಿ ಮುಟ್ಟಿಲ್ಲ.

ಸುಣ್ಣಶಿಲೆಯಲ್ಲಿ ಸಾಮಾನ್ಯವಾಗಿ ಯುರೇನಿಯಂ ಕಡಮೆ. ಆದುದರಿಂದ ಮನೆಯ ಪರಸಿಯನ್ನು ಕಂಡು ಹೆದರಬೇಕಾದ ಕಾರಣವಿಲ್ಲ. ಹೆದರಿಸುವ ಬರಹ ಯಾರಾದರೂ ಬರೆದರೆ ನಂಬಲೂ ಬೇಕಾದುದಿಲ್ಲ. ಆದರೆ ಈ ಹಾಸಿನ ಅಂಚುಗಳಲ್ಲಿ ಕೆಳಗಿನ ಕಣಶಿಲೆ ಮೇಲೆದ್ದಿದೆ. ಎರಡೂ ಕೂಡುವಲ್ಲಿ ಬಿರುಕಿನ ರೇಖೆಗಳಿವೆ. ಇದೇ ಭೀಮಾ ಕೊಳ್ಳದ ದಕ್ಷಿಣದ ಅಂಚಿನಲ್ಲಿ, ಈಗಿನ ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಗೋಗಿಯಲ್ಲಿ, ಅಂಥದೊಂದು ಬಿರುಕನ್ನನುಸರಿಸಿ ಸುಣ್ಣಶಿಲೆಯಲ್ಲಿಯೂ ಅದರಡಿಯ ಕಣಶಿಲೆಯಲ್ಲಿಯೂ ಯುರೇನಿಯಂ ಅದಿರು ಇರುವುದನ್ನು ಅಣುಖನಿಜ ನಿರ್ದೇಶನಾಲಯದವರು ಪತ್ತೆಮಾಡಿದರು. ಅದಿರನ್ನು ತೆಗೆಯುವ ಪ್ರಯತ್ನ ನಡೆದಾಗ ಸುತ್ತಣ ಹಳ್ಳಿಗಳ ರೈತರು ವಿರೋಧಿಸಿದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಗೋಗಿಯ ಹೆಸರನ್ನು ಹೇಳಿದ್ದು ಬಶೀರಾಬಾದಿನಲ್ಲಿಯೂ ಹಾಗಿದೆಯೆಂದಲ್ಲ. ಒಂದೇ ಶ್ರೇಣಿಯ ಕಲ್ಲು ಒಂದೂರಲ್ಲಿ ಒಂದು ಬಗೆ, ಇನ್ನೊಂದೂರಲ್ಲಿ ಇನ್ನೊಂದು ಬಗೆ. ಅಷ್ಟೇಕೆ, ಒಂದೇ ಓಣಿಯ ಎರಡು ಮನೆಗಳಲ್ಲಿಯೇ ಹತ್ತುಪಟ್ಟು ಅಂತರವಿರಬಹುದು. ಆದುದರಿಂದ ನಕ್ಷೆ ನೋಡಿ ತೀರ್ಮಾನಿಸಲಾಗದು, ಅಳೆದೇ ತಿಳಿಯಬೇಕು. ಜಹೀರಾಬಾದ್, ನಾರಾಯಣಖೇಡ ಕಡೆಯ ಕರಿಯ ಕಲ್ಲು ದಖನ್ನಿನ ಲಾವಾದಿಂದಾದುದು, ಅದರಲ್ಲಿ ಯುರೇನಿಯಂ ಇನ್ನೂ ಕಡಮೆ. ಆದರೂ ಅಳತೆ ಬೇಡವೆಂದಲ್ಲ.

ಭಯಪಡಿಸುವುದು ಈ ಲೇಖನದ ಉದ್ದೇಶವಲ್ಲವೆಂಬುದಕ್ಕೆ ಒಂದು ಸಂಗತಿಯನ್ನು ಸೇರಿಸುವೆನು. ಕೇರಳದ ಕರುನಾಗಪ್ಪಳ್ಳಿ ಕರಾವಳಿಯ ಮರಳಿನಲ್ಲಿ ಥೋರಿಯಂ ಹೇರಳವಾಗಿದ್ದು ಹೊರವಿಕಿರಣ ಬಹಳ ಹೆಚ್ಚು. ತಿರುವನಂತಪುರದ ಅರ್ಬುದ ಕೇಂದ್ರದವರು ಅಲ್ಲಿಯ ಜನರನ್ನು ವರ್ಷಗಟ್ಟಲೆ ಗಮನಿಸಿ ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ವಿಕಿರಣದಿಂದ ಅರ್ಬುದ ಹೆಚ್ಚಿದುದು ಕಂಡುಬರಲಿಲ್ಲ. ಹೊರಗಿನಿಂದ ಮೈಮೇಲೆ ಬೀಳುವ ಕಿರಣ ಬೇರೆ, ಉಸಿರಿನಲ್ಲಿ ಒಳಹೋಗುವ ಕಣ ಬೇರೆ. ಎರಡನ್ನೂ ಒಂದೇ ಹೆಸರಿನಿಂದ ಕರೆದು ಜನರನ್ನು ಗಾಬರಿಗೊಳಿಸುವುದೂ ತಪ್ಪು, ಒಂದರಲ್ಲಿ ಕೇಡಿಲ್ಲವೆಂದು ಇನ್ನೊಂದನ್ನು ಮರೆಯುವುದೂ ತಪ್ಪು. ನಮ್ಮ ನಾಡಿನ ಮೈಸೂರು, ಬೆಂಗಳೂರು, ಮಂಗಳೂರು ವಿಶ್ವವಿದ್ಯಾನಿಲಯಗಳ ಭೌತಶಾಸ್ತ್ರಜ್ಞರು ಮನೆಗಳ, ನೀರಿನ, ಮಣ್ಣಿನ ರೇಡಾನನ್ನು ಅನೇಕ ವರ್ಷಗಳಿಂದ ಅಳೆಯುತ್ತ ಬಂದಿರುವರು. ವಿದ್ಯೆ ಇಲ್ಲಿಯೇ ಇದೆ. ಅದು ಪ್ರಬಂಧಗಳಿಂದ ಪಂಚಾಯತಿಯ ಕಚೇರಿಗೆ ಬಂದಿಲ್ಲ, ಅಷ್ಟೆ.

ಮನೆ ಕಟ್ಟುವ ರೀತಿಯೂ ಬದಲಾಗಿದೆ. ನಮ್ಮ ಹಳೆಯ ಮಾಳಿಗೆ ಮನೆಗಳಲ್ಲಿ ಮಣ್ಣಿನ ಮೇಲ್ಛಾವಣಿ, ನಡುವೆ ಬೆಳಕಿಂಡಿ, ಸಗಣಿ ಸಾರಿಸಿದ ನೆಲ. ನೆಲದಿಂದ ಗಾಳಿ ಬಂದರೂ ಬೆಳಕಿಂಡಿಯಿಂದ ಹೊರಟುಹೋಗುತ್ತಿತ್ತು. ಹಳೆಯದೆಲ್ಲ ಒಳ್ಳೆಯದಾಗಿತ್ತೆಂದು ನಾನು ಹೇಳಲಾರೆ. ಒಲೆಯ ಹೊಗೆ ಕುಡಿದು ನಮ್ಮ ತಾಯಂದಿರು ಕೆಮ್ಮುತ್ತಿದ್ದುದನ್ನು ಕಂಡವನು ನಾನು. ಮಣ್ಣಿನ ನೆಲವೇನೂ ರೇಡಾನಿಗೆ ತಡೆಯಲ್ಲ. ಈಗ ಕಾಂಕ್ರೀಟ್ ಛಾವಣಿ, ಅಲ್ಯುಮಿನಿಯಂ ಚೌಕಟ್ಟಿನ ಗಾಜಿನ ಕಿಟಕಿ, ಧೂಳು ಬಾರದಿರಲೆಂದು ಸದಾ ಮುಚ್ಚಿದ ಬಾಗಿಲು, ಅನುಕೂಲಸ್ಥರಲ್ಲಿ ತಂಪುಯಂತ್ರ. ಸಿಮೆಂಟಿನ ಹಾಗೂ ಕಲ್ಲಿನ ಕಾರಖಾನೆಗಳ ನಾಡಾದುದರಿಂದ ಕಣ್ಣಿಗೆ ಕಾಣುವ ಧೂಳಿಗೆ ಹೆದರಿ ಕಿಟಕಿ ಮುಚ್ಚುತ್ತೇವೆ, ಕಾಣದ ಗಾಳಿಯನ್ನು ಒಳಗೆ ಕೂಡಿಹಾಕಿಕೊಳ್ಳುತ್ತೇವೆ.

ಹೊಣೆಯ ವಿಚಾರಕ್ಕೆ ಬಂದರೆ ಸಂವಿಧಾನದಲ್ಲಿಯೇ ಒಂದು ತಮಾಷೆ ಇದೆ. ಏಳನೆಯ ಅನುಸೂಚಿಯ ಕೇಂದ್ರಪಟ್ಟಿಯ ೬ನೆಯ ಬಾಬು ಅಣುಶಕ್ತಿ ಹಾಗೂ ಅದಕ್ಕೆ ಬೇಕಾದ ಖನಿಜಗಳು. ರಾಜ್ಯಪಟ್ಟಿಯ ೬ನೆಯ ಬಾಬು ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯ. ಕಲ್ಲಿನಲ್ಲಿರುವ ಯುರೇನಿಯಂ ದೆಹಲಿಯದು. ಅದರ ಉಸಿರು ಕೋಣೆಯೊಳಗೆ ಬಂದೊಡನೆ ರಾಜ್ಯದ್ದು. ಈ ಎರಡು ಆರರ ನಡುವೆ ರೇಡಾನ್ ಯಾರ ಕೈಗೂ ಸಿಕ್ಕದೆ ನುಸುಳುತ್ತದೆ. ೧೯೯೨ರ ೭೩ ಮತ್ತು ೭೪ನೆಯ ತಿದ್ದುಪಡಿಗಳಿಂದ ಹನ್ನೊಂದನೆಯ ಅನುಸೂಚಿಯಲ್ಲಿ ಗ್ರಾಮೀಣ ವಸತಿ, ಆರೋಗ್ಯ, ಪ್ರಾಥಮಿಕ ಮತ್ತು ಪ್ರೌಢಶಾಲೆಗಳು ಪಂಚಾಯತಿಗಳಿಗೂ, ಹನ್ನೆರಡನೆಯದರಲ್ಲಿ ಕಟ್ಟಡಗಳ ನಿಯಂತ್ರಣ ಮತ್ತು ಸಾರ್ವಜನಿಕ ಆರೋಗ್ಯ ಪುರಸಭೆಗಳಿಗೂ ವಹಿಸಬಹುದಾದ ವಿಷಯಗಳಾಗಿ ಸೇರಿದವು. ತೆಲಂಗಾಣದಲ್ಲಿ ೨೦೧೮ರ ಪಂಚಾಯತಿ ರಾಜ್ಯ ಕಾಯಿದೆ, ೨೦೧೯ರ ಪುರಸಭೆಗಳ ಕಾಯಿದೆ ಬಂದಿವೆ. ಮನೆ ಕಟ್ಟುವವನು ಪಂಚಾಯತಿಯ ಅನುಮತಿ ಪಡೆಯಲೇಬೇಕು. ರಸ್ತೆಯಿಂದ ಎಷ್ಟು ದೂರ, ಎಷ್ಟು ಎತ್ತರ ಎಂದು ಕೇಳುವ ಕಚೇರಿ, ತಳಕ್ಕೆ ಏನು ತುಂಬುವಿರಿ, ಗಾಳಿ ಹೋಗಲು ದಾರಿ ಇಟ್ಟಿರುವಿರೋ ಎಂದು ಇನ್ನೆರಡು ಪ್ರಶ್ನೆ ಕೇಳಿದರೆ ಅಧಿಕಾರ ಮೀರಿದಂತಾಗಲಾರದು.

ಮನೆಯೊಳಗಿನ ಗಾಳಿ ಮನೆಯೊಡೆಯನ ಸ್ವಂತ ವಿಷಯ, ಸರ್ಕಾರಕ್ಕೇನು ಎಂದು ಕೇಳುವವರುಂಟು. ಅಂಥವರು ಬೆಂಗಳೂರಿನ ಚರಿತ್ರೆಯನ್ನು ನೋಡಬೇಕು. ೧೮೯೮ರಲ್ಲಿ ಆ ನಗರಕ್ಕೆ ಪ್ಲೇಗು ಬಂದಾಗ ಇಕ್ಕಟ್ಟಾದ ಪೇಟೆಯ ಗಾಳಿಬೆಳಕಿಲ್ಲದ ಮನೆಗಳನ್ನು ಸರ್ಕಾರ ತಪಾಸಣೆ ಮಾಡಿಸಿತು. ಅಗಲವಾದ ಬೀದಿ, ಹಿಂದೆ ಮುಂದೆ ತೆರಪು ಇರುವಂತೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ನಿರ್ಮಿಸಿತು. ೧೯೦೩ರಲ್ಲಿ ಮೈಸೂರಿಗೆ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿ ಹುಟ್ಟಿತು. ಪ್ಲೇಗಿಗೆ ಇಲಿಯ ಮೈಮೇಲಿನ ಚಿಗಟ ಕಾರಣವಾಗಿತ್ತು, ಕೆಟ್ಟ ಗಾಳಿಯಲ್ಲ. ಅಂದಿನವರ ಊಹೆ ಅರ್ಧ ತಪ್ಪು. ಆದರೆ ಒಬ್ಬನ ಮನೆಯ ಕಿಟಕಿ ಊರಿನ ಆರೋಗ್ಯದ ವಿಷಯವೆಂಬ ತತ್ತ್ವ ಅಂದೇ ಕನ್ನಡ ನಾಡಿನಲ್ಲಿ ಸ್ಥಾಪಿತವಾಯಿತು. ನಾರುಹುಣ್ಣಿನ ಉದಾಹರಣೆಯೂ ಉಂಟು. ಮೆಟ್ಟಿಲುಬಾವಿಗಳಿಗೆ ಇಳಿದು ನೀರು ಮುಟ್ಟುವುದನ್ನು ನಿಲ್ಲಿಸಿ, ಕೊಳವೆಬಾವಿ ಕೊಟ್ಟು, ಹಳ್ಳಿ ಹಳ್ಳಿಯಲ್ಲಿ ರೋಗಿಗಳನ್ನು ಪಟ್ಟಿಮಾಡಿದುದರಿಂದ ೨೦೦೦ದಲ್ಲಿ ಭಾರತ ಅದರಿಂದ ಮುಕ್ತವೆಂದು ಘೋಷಿತವಾಯಿತು. ದೊಡ್ಡ ಯಂತ್ರವಲ್ಲ, ಪಟ್ಟಿ ಹಿಡಿದು ಮನೆಮನೆಗೆ ಹೋದವರೇ ಅದನ್ನು ಸಾಧಿಸಿದರು. ಅವರಲ್ಲಿ ಉಪಾಧ್ಯಾಯರೂ ಇದ್ದರು.

ಅಳೆಯುವುದು ಹೇಗೆ? ಈ ಕಾಲದ ಕಂದೀಲು ಒಂದು ತುಣುಕು ಪ್ಲಾಸ್ಟಿಕ್ ಪಟಲ. ಭಾಭಾ ಅಣು ಸಂಶೋಧನಾ ಕೇಂದ್ರದವರು ರೂಪಿಸಿದ ಸಣ್ಣ ಡಬ್ಬಿಯಲ್ಲಿ ಅದನ್ನಿಟ್ಟು ಕೋಣೆಯಲ್ಲಿ ಮೂರು ತಿಂಗಳು ತೂಗುಹಾಕುತ್ತಾರೆ. ಆಲ್ಫಾ ಕಣ ಬಡಿದಲ್ಲಿ ಪಟಲಕ್ಕೆ ಕಣ್ಣಿಗೆ ಕಾಣದ ಗಾಯವಾಗುತ್ತದೆ. ತರುವಾಯ ಅದನ್ನು ಬೆಚ್ಚಗಿನ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿದರೆ ಗಾಯಗಳು ರಂಧ್ರಗಳಾಗುತ್ತವೆ. ಅವುಗಳನ್ನು ಎಣಿಸಿ ಲೆಕ್ಕ ಹಾಕುತ್ತಾರೆ. ವಿದ್ಯುತ್ತು ಬೇಡ, ಶಬ್ದವಿಲ್ಲ. ಚಳಿಗಾಲದಲ್ಲಿ ಕಿಟಕಿ ಮುಚ್ಚಿರುವಾಗ ಒಂದು ಸಲ, ಬೇಸಗೆಯಲ್ಲಿ ಒಂದು ಸಲ ಇಟ್ಟರೆ ವರ್ಷದ ಅಂದಾಜು ಸಿಗುತ್ತದೆ. ಐರ್ಲೆಂಡಿನಲ್ಲಿ ೧೯೯೮ರಿಂದ ಮುಂದಕ್ಕೆ ದೇಶದ ಶಾಲೆಗಳ ನೆಲಮಟ್ಟದ ಕೋಣೆಗಳಲ್ಲೆಲ್ಲ ಹೀಗೆಯೇ ಅಳೆದು, ಹೆಚ್ಚು ಕಂಡಲ್ಲಿ ಸರ್ಕಾರವೇ ದುರಸ್ತಿ ಮಾಡಿಸಿತು. ಒಂದು ಮಂಡಲದ ಶಾಲೆಗಳಿಗೆ ಈ ಕೆಲಸ ಭಾರವಾದುದೇನಲ್ಲ.

ಹೆಚ್ಚು ಕಂಡರೆ ಏನು ಮಾಡಬೇಕೆಂಬುದೂ ತಿಳಿದ ವಿಷಯವೇ. ಮೊದಲು ನೆಲದ ಬಿರುಕು, ಪರಸಿಯ ಸಂದು, ಕೊಳವೆ ಹಾಯುವ ರಂಧ್ರಗಳನ್ನು ಮುಚ್ಚಬೇಕು; ಇದಿಷ್ಟರಿಂದಲೇ ಸಾಲದು. ಕಿಟಕಿ ತೆರೆದರೆ ಇಳಿಯುತ್ತದೆ, ಮುಚ್ಚಿದರೆ ಕೆಲವು ಗಂಟೆಗಳಲ್ಲಿ ಮತ್ತೆ ಏರುತ್ತದೆ. ಸರಿಯಾದ ಉಪಾಯವೆಂದರೆ ನೆಲದ ಕೆಳಗಿನ ಗಾಳಿಯನ್ನು ಮನೆ ಹೀರುವ ಮೊದಲೇ ನಾವು ಹೀರಿಬಿಡುವುದು. ನೆಲಗಟ್ಟಿನಡಿ ಖಡಿಯ ಪದರ ಹಾಸಿ, ಅದರಲ್ಲಿ ರಂಧ್ರವಿರುವ ಕೊಳವೆಯನ್ನಿಟ್ಟು, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ ಕಾಂಕ್ರೀಟ್ ಹಾಕಬೇಕು; ಕೊಳವೆಯ ಇನ್ನೊಂದು ತುದಿಯನ್ನು ಛಾವಣಿಯ ಮೇಲಕ್ಕೆ ಒಯ್ಯಬೇಕು. ಬೇಕಾದರೆ ತುದಿಗೆ ಸಣ್ಣ ಪಂಖ. ಕಟ್ಟುವಾಗಲೇ ಮಾಡಿದರೆ ಅಲ್ಪ ಖರ್ಚು, ಕಟ್ಟಿದ ಮೇಲೆ ನೆಲ ಅಗೆದು ಮಾಡುವುದಾದರೆ ಅಧಿಕ ಖರ್ಚು. ಪಂಚಾಯತಿಯ ಅನುಮತಿಪತ್ರಕ್ಕೆ ಬೆಲೆಯಿರುವುದು ಈ ಹಂತದಲ್ಲಿಯೇ.

ನಮ್ಮ ಗಡಿಯ ಜನಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಆರೋಗ್ಯದ ತಿಳಿವಳಿಕೆ ಪತ್ರಗಳು ಆಡಳಿತ ಭಾಷೆಯಲ್ಲಿ ಬರುತ್ತವೆ. ಕನ್ನಡ ಮಾತ್ರ ಓದಬಲ್ಲ ತಾಯಿ ಅದನ್ನು ಮಗುವಿನ ಕೈಗೆ ಕೊಟ್ಟು ಓದಿಸುತ್ತಾಳೆ; ಮಗುವಿಗೆ ಅಕ್ಷರ ಬರುತ್ತದೆ, ಪಾರಿಭಾಷಿಕ ಶಬ್ದ ಬರುವುದಿಲ್ಲ. ಮಂಡಲದ ಕಚೇರಿ ಹೊರಡಿಸುವ ಇಂಥ ಪತ್ರಗಳನ್ನು ಕನ್ನಡದಲ್ಲಿಯೂ ಅಚ್ಚುಹಾಕಿಸಬೇಕೆಂದು ನಮ್ಮ ಸಂಘ ಬೇಡಿಕೆಯಿಡುವುದು ಭಾಷಾಭಿಮಾನದ ಮಾತಷ್ಟೇ ಅಲ್ಲ.

ನಮ್ಮ ಶಾಲೆಗೆ ಎರಡು ಹೊಸ ಕೋಣೆಗಳು ಮಂಜೂರಾದಾಗ ನಾನು ಮೇಲಿನ ವ್ಯವಸ್ಥೆಯನ್ನು ಮಾಡಿಸಬೇಕೆಂದು ಬರೆದುಕೊಂಡೆ. ಅಂದಾಜುಪಟ್ಟಿಯಲ್ಲಿ ಅಂಥ ಬಾಬು ಇಲ್ಲವೆಂದು ಉತ್ತರ ಬಂತು. ಉತ್ತರ ಬರೆದವರನ್ನು ದೂರಲಾರೆ, ಪಟ್ಟಿಯಲ್ಲಿ ಇಲ್ಲದುದು ನಿಜ. ನಾವು ಉಪಾಧ್ಯಾಯರು ಕೈಯಿಂದಲೇ ಹಣ ಕೂಡಿಸಿ ನಾಲ್ಕಿಂಚಿನ ಕೊಳವೆ, ಪ್ಲಾಸ್ಟಿಕ್ ಹಾಳೆ ತಂದೆವು. ಮೊರಂ ತುಂಬುತ್ತಿದ್ದ ಗೌಂಡಿ ಕೊಳವೆಯನ್ನು ತಿರುಗಿಸಿ ನೋಡಿ, “ನೀರಿಗಿ ಪೈಪ್ ಹಾಕೀನ್ರಿ, ಹೊಲಸಿಗಿ ಹಾಕೀನ್ರಿ, ಗಾಳಿಗಿ ಹಾಕೂದು ಇದ ಮೊದಲ ನೋಡ್ರಿ ಸರ್” ಎಂದು ನಕ್ಕನು. ಆದರೆ ಹಗೇವಿನ ಮಾತು ಹೇಳಿದೊಡನೆ ನಗು ನಿಲ್ಲಿಸಿ, ಅವನ ತಾಯಿಯ ತವರಿನಲ್ಲಿ ಅವಸರಪಟ್ಟು ಹಗೇವಿಗಿಳಿದ ಅಣ್ಣತಮ್ಮಂದಿರಿಬ್ಬರ ಕತೆಯನ್ನು ತಾನೇ ಹೇಳತೊಡಗಿದನು. ಆ ಕೊಳವೆಯನ್ನು ಅವನಷ್ಟು ನೆಟ್ಟಗೆ ಇನ್ನಾರೂ ನಿಲ್ಲಿಸಲಾರರು.

ಈಗ ಆ ಕೋಣೆಗಳಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಗಳು ನಡೆಯುತ್ತಿವೆ. ಕೊಳವೆಯ ಬಾಯಿಗೆ ಸದ್ಯಕ್ಕೆ ಮುಚ್ಚಳವಿದೆ. ತೆರೆಯಬೇಕೋ, ಪಂಖ ಹಾಕಬೇಕೋ ಎಂಬುದು ಅಳತೆಯ ಮೇಲೆ ತಿಳಿಯಬೇಕು. ವಿಶ್ವವಿದ್ಯಾನಿಲಯದ ಮಿತ್ರರೊಬ್ಬರು ಕಳಿಸಿಕೊಟ್ಟ ಎರಡು ಡಬ್ಬಿಗಳನ್ನು ದೀಪಾವಳಿಯ ರಜೆ ಮುಗಿದ ದಿನ ಕರಿಹಲಗೆಯ ಪಕ್ಕದ ಮೊಳೆಗೆ ತೂಗುಹಾಕಿದ್ದೇವೆ. ಯಾರೂ ಮುಟ್ಟಬಾರದೆಂದು ಒಂಬತ್ತನೆಯ ತರಗತಿಯ ಹುಡುಗಿಯರು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಚೀಟಿ ಬರೆದು ಅಂಟಿಸಿದ್ದಾರೆ. ಸಂಕ್ರಾಂತಿ ಕಳೆದ ಮೇಲೆ ಅವುಗಳನ್ನು ಇಳಿಸಬೇಕು.